ಪರದೆಯ ಮುಖ ಯಾರ ಕಡೆಗೆ?

ಹಲ್ಮಿಡಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಶಾಲೆಯ ಕನ್ನಡ ಪಾಠ. ಬೇಲೂರು ತಾಲ್ಲೂಕಿನ ಊರು, ಸುಮಾರು ಕ್ರಿ.ಶ. 450ರ ಶಾಸನ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು, ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಪರೀಕ್ಷೆಗೆ ಇಷ್ಟು ಸಾಕಿತ್ತು. ಆದರೆ ಆ ಕಲ್ಲಿನ ಮೇಲೆ ಬರೆದಿರೋದೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರುಗಳನ್ನು ಕೊಟ್ಟ ವಿಷಯ. ಇದನ್ನು ಅಳಿಸಿದವರಿಗೆ ಮಹಾಪಾಪ ಅನ್ನುವ ಎಚ್ಚರಿಕೆಯೂ ಉಂಟು. ಅಂದರೆ ಅದೊಂದು ಭೂದಾಖಲೆ.

ವೆಬ್‌ಸೈಟ್ ಮಾಡುವವರು ಈ ಕಲ್ಲನ್ನು ಒಮ್ಮೆ ಗಮನಿಸಬೇಕು ಅಂತ ನನಗನ್ನಿಸುತ್ತೆ. ದಾನಶಾಸನಗಳನ್ನು ನಿಲ್ಲಿಸುತ್ತಿದ್ದದ್ದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ. ಓದಬಲ್ಲವರು ಆಗ ಎಷ್ಟು ಮಂದಿ, ಅದು ಬೇರೆ ಮಾತು. ಓದಬಲ್ಲವನು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಓದಬಹುದಿತ್ತು. ಬರಹದ ಮುಖ ಊರಿನ ಕಡೆಗಿತ್ತು.

ಆಮೇಲೆ ಆ ಮುಖ ತಿರುಗಿತು. ಜಮೀನಿನ ಲೆಕ್ಕ ಶಾನುಭೋಗರ ಪುಸ್ತಕ ಸೇರಿತು. ಆ ಹುದ್ದೆ ಅಪ್ಪನಿಂದ ಮಗನಿಗೆ ಬರುತ್ತಿದ್ದದ್ದು. ಅವರ ಮೋಡಿ ಅಕ್ಷರವಂತೂ ಓದು ಬಲ್ಲವರಿಗೂ ಸುಲಭವಲ್ಲ. 1961ರ ಕಾಯ್ದೆ ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು, ಗ್ರಾಮ ಲೆಕ್ಕಿಗರು ಬಂದರು. ಆದರೂ ಪುಸ್ತಕ ಒಬ್ಬರ ಚೀಲದಲ್ಲೇ ಉಳಿಯಿತು.

ಇದರ ಬಿಸಿ ಎಷ್ಟು ಅಂತ ತಿಳಿಯೋಕೆ ಅದೇ ಬೇಲೂರು ತಾಲ್ಲೂಕಿನ ಅರೇಹಳ್ಳಿ ಹೋಬಳಿಯನ್ನು ತೆಗೆದುಕೊಳ್ಳಿ. ಕಾಫಿ, ಮೆಣಸಿನ ಸೀಮೆ. ಎರಡು ಮೂರು ಎಕರೆ ತೋಟದವರಿಗೆ ಬೆಳೆಸಾಲ ಬೇಕು ಅಂದರೆ ಬ್ಯಾಂಕಿನವರು ಮೊದಲು ಕೇಳೋದೇ ಪಹಣಿ. ಅದರ ಕಾಲಂ 9ರಲ್ಲಿ ಒಡೆಯರ ಹೆಸರು, 11ರಲ್ಲಿ ಸಾಲ, ಋಣ. ಅಪ್ಪ ತೀರಿಹೋಗಿ ವರ್ಷಗಳಾದರೂ ಕಾಲಂ 9ರಲ್ಲಿ ಅವರ ಹೆಸರೇ ಇದ್ದರೆ ಮಗನಿಗೆ ಸಾಲ ಹುಟ್ಟೋದು ಕಷ್ಟ. ಆ ಹೆಸರು ಬದಲಾಗಬೇಕಾದರೆ ಪುಸ್ತಕ ಇರುವವರ ಮರ್ಜಿ ಕಾಯಬೇಕು. ಕೈ ಬಿಸಿ ಮಾಡದೆ ಕೆಲಸ ಆಗದು ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು.

ಇಂಥಲ್ಲಿಗೆ ಬಂದದ್ದು ‘ಭೂಮಿ’ ಯೋಜನೆ. ತೊಂಬತ್ತರ ದಶಕದ ಕೊನೆಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಶುರುವಾಗಿ, ಹೊಸ ಶತಮಾನದ ಮೊದಲ ವರ್ಷಗಳಲ್ಲೇ 177 ತಾಲ್ಲೂಕುಗಳಿಗೆ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ಕಿಯಾಸ್ಕಿನಲ್ಲಿ ಪಹಣಿ ಕೈಗೆ. ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತಲೂ ಆಯಿತು.

ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣೋದು ಮೂರು ಸಣ್ಣ ತೀರ್ಮಾನಗಳು. ಒಂದು, ಕಿಯಾಸ್ಕಿನಲ್ಲಿ ಎರಡು ಮಾನಿಟರ್ ಇಟ್ಟದ್ದು: ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತನ ಕಡೆಗೆ. ಆಚೆ ಕೂತವರು ಏನು ಮಾಡುತ್ತಿದ್ದಾರೆ ಅನ್ನೋದು ಈಚೆ ನಿಂತವನಿಗೂ ಕಾಣಬೇಕು. ಎರಡು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗುವಂತೆ ತಂತ್ರಾಂಶವನ್ನೇ ಕಟ್ಟಿದ್ದು. ‘ನಮ್ಮ ಕಡೆಯವರದ್ದು ಸ್ವಲ್ಪ ಮುಂದೆ ತಗೊಳ್ಳಿ’ ಅನ್ನೋದಕ್ಕೆ ದಾರಿ ಇಲ್ಲ. ಮೂರು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾರು ಏನು ತಿದ್ದಿದರು ಅನ್ನೋದು ಆಮೇಲೆ ಗೊತ್ತಾಗುತ್ತೆ, ‘ನಾನಲ್ಲ’ ಅನ್ನೋ ಹಾಗಿಲ್ಲ.

1994ರಲ್ಲಿ ಯಾಕೊಬ್ ನೀಲ್ಸನ್ ಪ್ರಕಟಿಸಿದ ಹತ್ತು ಯೂಸಬಿಲಿಟಿ ಸೂತ್ರಗಳು ಯುಎಕ್ಸ್ ಕೆಲಸದಲ್ಲಿರುವ ಯಾರಿಗೂ ಹೊಸದಲ್ಲ. ಒಳಗೆ ಏನಾಗುತ್ತಿದೆ ಅನ್ನೋದು ಬಳಕೆದಾರರಿಗೆ ತಿಳಿಯುತ್ತಿರಬೇಕು ಅನ್ನೋದು ಮೊದಲನೆಯದು. ತಾಲ್ಲೂಕು ಕಚೇರಿಯ ಆ ಎರಡನೇ ಮಾನಿಟರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಹಾಗಂತ ಎಲ್ಲವೂ ಸಲೀಸಾಯಿತು ಅಂತಲ್ಲ. ಊರಲ್ಲಿದ್ದ ದಾಖಲೆ ತಾಲ್ಲೂಕು ಕೇಂದ್ರಕ್ಕೆ ಹೋಯಿತು. ಒಂದು ಹಾಳೆಗಾಗಿ ಅರೇಹಳ್ಳಿಯವರು ಬೇಲೂರಿಗೆ ಬಸ್ಸು ಹಿಡಿಯಬೇಕಾಯಿತು. 15 ರೂಪಾಯಿ ಪಹಣಿಗೆ ಬಸ್ ಚಾರ್ಜು ಬೇರೆ, ಒಂದು ದಿನದ ಕೆಲಸ ಬೇರೆ. ಇನ್ನೂ ಗಂಭೀರವಾದ ಟೀಕೆಯೂ ಬಂತು. ದಾಖಲೆ ಒಂದೆಡೆ ಸೇರಿದ್ದರಿಂದ ಲಾಭವಾದದ್ದು ಸಣ್ಣ ರೈತರಿಗಿಂತ ಜಮೀನು ಹುಡುಕುವ ದೊಡ್ಡವರಿಗೆ ಅಂತ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಆ ಮಾತನ್ನು ತಳ್ಳಿಹಾಕೋಕಾಗಲ್ಲ. ಕಣ್ಣಿಗೆ ಕಾಣಿಸಿದರೆ ಸಾಲದು, ಯಾರಿಗೆ ಮೊದಲು ಕಾಣಿಸುತ್ತೆ ಅನ್ನೋದೂ ಮುಖ್ಯ. ಮುಂದೆ ನೆಮ್ಮದಿ ಕೇಂದ್ರಗಳು, 2012ರ ಕೊನೆಗೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹೋಬಳಿ ಮಟ್ಟಕ್ಕೆ ಬಂದವು. ದೂರ ಸ್ವಲ್ಪ ಕಡಿಮೆಯಾಯಿತು.

ಈಗ ಪಹಣಿ ವೆಬ್‌ಸೈಟಿನಲ್ಲೇ ಸಿಗುತ್ತೆ. ಅಲ್ಲಿ ಒಂದು ಒಳ್ಳೆಯ ಡಿಸೈನ್ ಇದೆ, ನಾವು ಅದನ್ನು ಡಿಸೈನ್ ಅಂತ ಗಮನಿಸೋದೇ ಇಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಅಂತ ಒಂದಾದ ಮೇಲೊಂದು ಆರಿಸುತ್ತಾ ಹೋಗೋದು. ಕಂದಾಯದ ಕಾಗದದಲ್ಲಿ ರೈತ ಬರೆಯೋದೂ ಹೀಗೇ: ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು, ಅರೇಹಳ್ಳಿ ಹೋಬಳಿ, ಇಂಥ ಗ್ರಾಮ. ಗೊತ್ತಿರುವ ದಾರಿಯಲ್ಲೇ ಸೈಟು ಕರೆದುಕೊಂಡು ಹೋಗುತ್ತೆ. ಇಷ್ಟರ ನಂತರ ‘ಸರ್ನಾಕ್’ ಅನ್ನೋ ಪೆಟ್ಟಿಗೆ ಬರುತ್ತೆ. ತೆರೆದರೆ ಬಹಳ ಸಲ ಒಳಗಿರೋದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಇರೋದೇ ಒಂದು ಅಂದಮೇಲೆ ಅದನ್ನು ಆರಿಸುವ ಕೆಲಸ ಜನರಿಗೇಕೆ? ಸೈಟೇ ಆರಿಸಿಕೊಂಡು ಮುಂದೆ ಹೋಗಬಹುದಲ್ಲ?

ಇಂಥ ಒಂದು ಪೆಟ್ಟಿಗೆ ಸಾಕು, ಜನ ಮೊಬೈಲ್ ಜೇಬಿಗಿಟ್ಟು ಕಂಪ್ಯೂಟರ್ ಸೆಂಟರಿಗೆ ಹೋಗೋಕೆ. ಅಲ್ಲಿ ಹುಡುಗ ಟೈಪ್ ಮಾಡುತ್ತಾನೆ, ಅಜ್ಜ ಎದುರಿಗೆ ನಿಂತಿರುತ್ತಾರೆ. ಪರದೆ ಹುಡುಗನ ಕಡೆಗೆ. ಎರಡನೇ ಮಾನಿಟರ್ ಇಲ್ಲ. ಹುಡುಗನದೇನೂ ತಪ್ಪಿಲ್ಲ, ಬೇಗ ಮುಗಿಸಿಯೂ ಕೊಡುತ್ತಾನೆ. ಆದರೆ ಶಾನುಭೋಗರ ಪುಸ್ತಕದ ಕಾಲಕ್ಕೆ ನಾವು ಒಂದು ಹೆಜ್ಜೆ ಹಿಂದೆ ಹೋದ ಹಾಗಾಯಿತು.

ನಾವು ಪೇಜ್ ಡಿಸೈನ್ ಮಾಡುವಾಗ ಒಬ್ಬ ಬಳಕೆದಾರ, ಒಂದು ಪರದೆ ಅಂತ ಅಂದುಕೊಳ್ಳುತ್ತೇವೆ. ನಮ್ಮ ಊರುಗಳಲ್ಲಿ ಬಹಳ ಸಲ ಪರದೆ ಒಂದು, ಜನ ಇಬ್ಬರು. ಹಾಗಾಗಿ ಮಾಡಬಹುದಾದ ಕೆಲಸಗಳು ಸಣ್ಣವು: ಕೊನೆಯ ಗುಂಡಿ ಒತ್ತುವ ಮುಂಚೆ ಹೆಸರು, ಸರ್ವೆ ನಂಬರ್, ಶುಲ್ಕ ಈ ಮೂರನ್ನೂ ಕೌಂಟರಿನ ಆಚೆಯಿಂದ ಓದುವಷ್ಟು ದಪ್ಪ ಕನ್ನಡದಲ್ಲಿ ತೋರಿಸಿ. ಅರ್ಜಿ ಸರದಿಯಲ್ಲಿ ಎಷ್ಟನೆಯದು ಅನ್ನೋದನ್ನು ಸೆಂಟರಿನ ನಂಬರಿಗಲ್ಲ, ಅಜ್ಜನ ಮೊಬೈಲಿಗೇ ಕಳಿಸಿ. ಗುಂಡಿಯ ಮೇಲೆ ‘ಆರ್‌ಟಿಸಿ’ ಜೊತೆಗೆ ‘ಪಹಣಿ’ ಅಂತಲೂ ಬರೆಯಿರಿ, ಬೆಳಗಾವಿ ಕಡೆಯವರಿಗೆ ‘ಉತಾರ’ ಅಂತ. ಇದಕ್ಕೆಲ್ಲ ಹೊಸ ತಂತ್ರಜ್ಞಾನವೇನೂ ಬೇಡ. ಮುಂದಿನ ರಿಲೀಸಿನಲ್ಲೇ ಮಾಡಿಬಿಡಬಹುದು.