ಹಿತ್ತಿಲ ಚಪ್ಪರದ ಮದುವೆ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆಯನ್ನು ಹತ್ತಿ ಬಂದವರಿಗೆ ಅಲ್ಲಿನ ಅರಮನೆಯ ನೆಲಗಟ್ಟು ನೆನಪಿರಬಹುದು. ಗೋಡೆಗಳು ಹೋಗಿವೆ, ಮಾಡು ಹೋಗಿದೆ. ಉಳಿದಿರುವುದು ಜಗಲಿಯ ಕಲ್ಲು, ಕಂಬ ನಿಂತಿದ್ದ ಗುರುತು, ಅಡಿಗೆಮನೆಯ ಒಲೆ. ಕೆಳದಿಯ ನಾಯಕರು ಭುವನಗಿರಿ ದುರ್ಗವೆಂದು ಕರೆದು ಆಳಿದ ಈ ಬೆಟ್ಟದ ಮೇಲೆ ಯಾವ ಅರಸನಿದ್ದ, ಯಾರೊಡನೆ ಕಾದಿದ ಎಂಬುದನ್ನು ಚರಿತ್ರಕಾರರು ಬರೆದಿದ್ದಾರೆ. ಬೆಟ್ಟದ ಬುಡದ ಮನೆಗಳಲ್ಲಿ ಮದುವೆ ಹೇಗೆ ನಡೆಯುತ್ತಿತ್ತು, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು, ಚಪ್ಪರದೊಳಗೆ ಯಾರು ಬರಬಹುದಾಗಿತ್ತು, ಯಾರು ಬರಬಾರದಾಗಿತ್ತು ಎಂಬುದಕ್ಕೆ ಮಾತ್ರ ಶಾಸನವಿಲ್ಲ, ಬಖೈರಿಲ್ಲ. ಅಂಥದೊಂದು ಮನೆಯಲ್ಲಿ ಹುಟ್ಟಿ, ಅದರ ಹಿತ್ತಿಲಲ್ಲೇ ಮದುಮಗಳಾಗಿ ನಿಂತವಳು ನಾನು. ನನಗೆ ಗೊತ್ತಿರುವಷ್ಟನ್ನು ಬರೆದಿಡುವುದು ಒಳ್ಳೆಯದೆಂದು ಈ ಪ್ರಯತ್ನ.

ನಮ್ಮ ಕಡೆ ಮದುವೆಯೆಂದರೆ ಮನೆಯಲ್ಲೇ ಆಗಬೇಕು. ಪೇಟೆಯ ಕಲ್ಯಾಣಮಂಟಪಗಳು ಬಂದದ್ದು ತೀರ ಈಚೆಗೆ. ಮನೆಯ ಮುಂದಿನ ಅಂಗಳದಲ್ಲಿ ಬೇಯಿಸಿದ ಅಡಿಕೆಯನ್ನು ಒಣಗಿಸಲು ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಹಾಸಿ ಎತ್ತರದ ಚಪ್ಪರ ಕಟ್ಟುವುದು ಮಲೆನಾಡಿನ ವಾಡಿಕೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೂ ಎಷ್ಟೋ ಮನೆಗಳಲ್ಲಿ ಆ ಚಪ್ಪರವನ್ನು ಕೀಳುತ್ತಿರಲಿಲ್ಲ. ಬೇಸಗೆಯಲ್ಲಿ ಮಾವಿನ ಸೊಪ್ಪು ಕಟ್ಟಿದರೆ ಅದೇ ಮದುವೆಯ ಚಪ್ಪರ. ಫಸಲು ಒಣಗಿದ ನೆರಳಿನಲ್ಲೇ ಆ ಫಸಲಿನ ದುಡ್ಡು ಖರ್ಚಾಗುತ್ತಿತ್ತು! ಅನುಕೂಲವಂತರಾದರೆ ಚಪ್ಪರದಡಿಯಲ್ಲಿ ಮರದ ಮಂಟಪವನ್ನು ಇರಿಸುವರು. ಕುಪ್ಪಳಿಯ ಕವಿಮನೆಯಲ್ಲಿ ಕುವೆಂಪು ಅವರ 1937ರ ಮದುವೆಯ ಮಂಟಪವನ್ನು ಜೋಪಾನವಾಗಿಟ್ಟಿದ್ದಾರೆ. ನೋಡದವರು ಒಮ್ಮೆ ನೋಡಬೇಕು.

ಅಂಗಳದ ಮದುವೆ ಎಂದೊಡನೆ ಸರಳವಾದದ್ದೆಂದು ಪಟ್ಟಣದವರು ಭಾವಿಸುವುದುಂಟು. ಹಾಗೇನೂ ಇಲ್ಲ. ದಿಬ್ಬಣದವರು ಬಂದರೆ ಎರಡು ಮೂರು ದಿನ ಇರುವರು. ಅವರ ಎತ್ತುಗಳಿಗೂ ಹುಲ್ಲು ಹಾಕಬೇಕು. ನನ್ನ ಅಕ್ಕನ ಮದುವೆ 1971ರಲ್ಲಿ ಆಯಿತು. ಅಪ್ಪಯ್ಯನಿಗೆ ಇದ್ದದ್ದು ಒಂದೂವರೆ ಎಕರೆ ತೋಟ. ಬರುವ ವರ್ಷದ ಅಡಿಕೆಯನ್ನು ತಂದು ಹಾಕುತ್ತೇನೆಂದು ಒಂದು ಮಂಡಿಯಿಂದ ಆರು ಸಾವಿರ ರೂಪಾಯಿ ಮುಂಗಡ ತಂದರು. ಈ ಮುಂಗಡದ ರೀತಿಯನ್ನು ಬಲ್ಲವರು ಬಲ್ಲರು. ಹಣ ಕೊಟ್ಟವನಿಗೇ ಅಡಿಕೆ ಹಾಕಬೇಕು. ದರ ಅವನು ಹೇಳಿದ್ದು, ತೂಕ ಅವನು ಹಿಡಿದದ್ದು, ಬಡ್ಡಿ ಬೇರೆ. ಮದುವೆಯಲ್ಲಿ ಬಂದ ಮುಯ್ಯಿ ಆ ಸಾಲಕ್ಕೆ ಆಗಬಹುದಲ್ಲ ಎಂದರೆ ಅದೂ ಸಾಲವೇ. ಯಾರು ಎಷ್ಟು ಓದಿಸಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚನ್ನೋ ತಿರುಗಿಸಬೇಕು. ಅಕ್ಕನ ಮಗ ಶಾಲೆಗೆ ಸೇರಿದರೂ ಅವಳ ಮದುವೆಯ ಸಾಲ ನಮ್ಮ ಮನೆಯಲ್ಲೇ ಇತ್ತು.

ಆ ಮದುವೆಯ ಇನ್ನೊಂದು ಸಂಗತಿ ನನಗೆ ಸಾಲಕ್ಕಿಂತ ಹೆಚ್ಚಾಗಿ ನಾಟಿತು. ನಮ್ಮ ಸಣ್ಣತ್ತೆ, ಎಂದರೆ ಅಪ್ಪಯ್ಯನ ಕಿರಿಯ ತಂಗಿ, ಇಪ್ಪತ್ತೆರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಮ್ಮನ್ನೆಲ್ಲ ಎತ್ತಿ ಆಡಿಸಿದವರು ಅವರೇ. ಅಕ್ಕನ ಮದುವೆಗೆ ಹದಿನೈದು ದಿನ ಭತ್ತ ಕುಟ್ಟಿ, ಹಪ್ಪಳ ಹಚ್ಚಿ, ಅಂಗಳಕ್ಕೆ ಸೆಗಣಿ ಸಾರಿಸಿದರು. ಧಾರೆಯ ಹೊತ್ತಿಗೆ ಮಾತ್ರ ಹಿತ್ತಿಲಿಗೆ ಹೋಗಿ, ಬಚ್ಚಲಿನ ಹತ್ತಿರದ ಹಲಸಿನ ಮರದಡಿ ಕುಳಿತರು. ಯಾರೂ ಹೋಗೆಂದು ಹೇಳಲಿಲ್ಲ, ಯಾರೂ ಬಾ ಎಂದು ಕರೆಯಲಿಲ್ಲ. ವಾಲಗದ ಸದ್ದು ಏರಿದಾಗ ಅಲ್ಲಿಂದಲೇ ನಾಲ್ಕು ಅಕ್ಷತೆ ಕಾಳನ್ನು ಮನೆಯ ಮಾಡಿನ ಕಡೆ ಎಸೆದದ್ದನ್ನು ನಾನು ಕಂಡೆ.

ನಮ್ಮ ತಲೆಯ ಮೇಲಿದ್ದ ಕೋಟೆಯನ್ನು ಆಳಿದವಳಾದರೂ ಯಾರು? ಕೆಳದಿಯ ಚೆನ್ನಮ್ಮಾಜಿ, ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 1671ರಿಂದ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಅವಳೇ. ಪಾಠಪುಸ್ತಕದಲ್ಲಿ ಇದನ್ನು ಓದಿ ನಾವು ಹೆಮ್ಮೆಪಡುತ್ತಿದ್ದೆವು. ಸಿಂಹಾಸನದ ಮೇಲೆ ಕೂರಬಲ್ಲ ವಿಧವೆ ಹಸೆಮಣೆಯ ಹತ್ತಿರ ಏಕೆ ಸುಳಿಯಬಾರದೆಂದು ಮಾತ್ರ ನಮ್ಮೂರಿನಲ್ಲಿ ಯಾರೂ ಕೇಳಿದ ಹಾಗಿಲ್ಲ.

ಕೇಳಿದವರು ನಾಡಿನಲ್ಲಿ ಇಲ್ಲದಿರಲಿಲ್ಲ. ಮಹಾರಾಷ್ಟ್ರದಲ್ಲಿ ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜ ಪುರೋಹಿತರಿಲ್ಲದ ಮದುವೆಯನ್ನು 1873ರಲ್ಲೇ ಮಾಡಿಸಿತು. ತಮಿಳುನಾಡಿನಲ್ಲಿ ಪೆರಿಯಾರರ ಚಳವಳಿಯವರು ನಡೆಸುತ್ತಿದ್ದ ಸ್ವಾಭಿಮಾನದ ಮದುವೆಗಳಿಗೆ ಅಲ್ಲಿನ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯಿದೆಯನ್ನು ತಿದ್ದಿ ಮಾನ್ಯತೆ ಕೊಟ್ಟಿತು. ನಮ್ಮ ತಾಲ್ಲೂಕಿಗೆ ಈ ವಿಚಾರ ಬಂದದ್ದು ನಮ್ಮ ತಾಲ್ಲೂಕಿನ ಕವಿಯಿಂದಲೇ. 1966ರ ನವೆಂಬರಿನಲ್ಲಿ ಪೂರ್ಣಚಂದ್ರ ತೇಜಸ್ವಿ ಅವರು ರಾಜೇಶ್ವರಿ ಅವರನ್ನು ಮೂಡಿಗೆರೆ ಕಡೆಯ ತಮ್ಮ ತೋಟದಲ್ಲಿ ಮದುವೆಯಾದರು. ಅದಕ್ಕಾಗಿ ತಂದೆ ಕುವೆಂಪು ಸಿದ್ಧಪಡಿಸಿದ ವಿಧಿಯೇ ಮಂತ್ರಮಾಂಗಲ್ಯ. ಪುರೋಹಿತರು ಬೇಡ, ಮುಹೂರ್ತ ಬೇಡ, ವರದಕ್ಷಿಣೆ, ಉಡುಗೊರೆ, ಆಡಂಬರ ಯಾವುದೂ ಬೇಡ. ಹಿರಿಯರೊಬ್ಬರು ಉಪನಿಷತ್ತು ಮೊದಲಾದುವುಗಳಿಂದ ಆಯ್ದ ಮಂತ್ರಗಳನ್ನೂ ಅವುಗಳ ಕನ್ನಡದ ಅರ್ಥವನ್ನೂ ಓದಬೇಕು. ವಧೂವರರು ಜಾತಿ, ಮೌಢ್ಯ ಮೊದಲಾದ ಬಂಧನಗಳಿಂದ ಬಿಡುಗಡೆ ಹೊಂದಿದೆವೆಂದು ಎಲ್ಲರೆದುರಿಗೆ ಪ್ರಮಾಣ ಮಾಡಬೇಕು. ಇಷ್ಟೇ. ಮಂತ್ರವನ್ನು ಬಿಡದೆ ಪುರೋಹಿತರನ್ನು ಮಾತ್ರ ಬಿಟ್ಟದ್ದು ಕುವೆಂಪು ಅವರ ಜಾಣತನವೆಂದು ನನ್ನ ಎಣಿಕೆ. ಮಂತ್ರವೂ ಇಲ್ಲವೆಂದಿದ್ದರೆ ನಮ್ಮ ಅಜ್ಜಮ್ಮನಂಥವರು ಒಪ್ಪುತ್ತಲೇ ಇರಲಿಲ್ಲ. ರಾಜೇಶ್ವರಿ ಅವರು ‘ನನ್ನ ತೇಜಸ್ವಿ’ ಪುಸ್ತಕದಲ್ಲಿ ತಮ್ಮ ಬಾಳಿನ ನೆನಪುಗಳನ್ನು ಬರೆದಿದ್ದಾರೆ. ಅಂಥ ಮದುವೆಯ ಮದುಮಗಳೊಬ್ಬಳು ತಾನೇ ಬರೆದಳೆಂಬುದೇ ನನಗೆ ಧೈರ್ಯ.

ನನ್ನನ್ನು ನೋಡಲು ಬಂದ ವರ ಹೈಸ್ಕೂಲು ಮೇಷ್ಟ್ರು. ಅವರಿಟ್ಟದ್ದು ಒಂದೇ ಷರತ್ತು: ಮದುವೆ ಮಂತ್ರಮಾಂಗಲ್ಯವಾಗಬೇಕು. ಅಪ್ಪಯ್ಯ ಒಂದು ವಾರ ಮಾತಾಡಲಿಲ್ಲ. ಸಾಲವಿಲ್ಲದೆ ಮಗಳು ದಾಟುವಳೆಂಬುದು ಒಂದು ಕಡೆ. ‘ಗೌಡನಿಗೆ ಕೈಲಾಗಲಿಲ್ಲ, ಅದಕ್ಕೇ ಈ ನಾಟಕ’ ಎಂದು ಊರು ಆಡಿಕೊಳ್ಳುವುದೆಂಬುದು ಇನ್ನೊಂದು ಕಡೆ. ಮೇಲಾಗಿ ವರನಿಗೆ ರಜೆ ಸಿಗುವುದು 1978ರ ಡಿಸೆಂಬರಿನ ಕೊನೆಯ ವಾರ. ಅದು ಧನುರ್ಮಾಸ! ಅಜ್ಜಮ್ಮ ಊಟ ಬಿಟ್ಟರು. ಕೊನೆಗೆ ದಾರಿ ತೋರಿದವಳು ಅಮ್ಮ. “ಅವಳ ಅಕ್ಕಂದು ಒಳ್ಳೇ ಮುಹೂರ್ತದಲ್ಲೇ ಆಗಿತ್ತಲ್ದಾ, ಸಾಲ ತೀರ್ತಾ?” ಎಂದಳು. ಅಪ್ಪಯ್ಯ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಪಕ್ಕಕ್ಕಿಟ್ಟು ಎದ್ದುಹೋದರು. ಮರುದಿನ ಒಪ್ಪಿಗೆ ಬಂತು.

ಇನ್ನೊಂದು ತೊಡಕು ಉಳಿಯಿತು. ಡಿಸೆಂಬರೆಂದರೆ ಕೊನೆಕೊಯ್ಲಿನ ಕಾಲ. ಮುಂದಿನ ಅಂಗಳದ ಚಪ್ಪರದ ತುಂಬ ಅಡಿಕೆ, ಕೆಳಗೆಲ್ಲ ಗೊನೆಯ ರಾಶಿ. ಅಡಿಕೆ ತೆಗೆದು ಮದುವೆ ಮಾಡುವ ಹಾಗಿಲ್ಲ. ಹಾಗಾಗಿ ಮದುವೆಯೇ ಹಿತ್ತಿಲಿಗೆ ಹೋಯಿತು. ಬಚ್ಚಲಿನ ಹತ್ತಿರದ ಹಲಸಿನ ಮರಕ್ಕೆ ತಾಗಿಸಿ ನಾಲ್ಕು ಅಡಿಕೆ ಮರದ ಕಂಬ ನೆಟ್ಟು, ಮೇಲೆ ಸೋಗೆ ಹೊದಿಸಿದರು. ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಸಣ್ಣತ್ತೆಗೆ ಮಾತ್ರ ಕಂಡಿತು. “ನಾನ್ ಎಲ್ಲಿ ಹೋಗಿ ಕೂತ್ಕಳ್ಲಿ ಮಾರಾಯ್ತಿ?” ಎಂದು ನನ್ನನ್ನು ಕೇಳಿದರು. ಅದು ತಮಾಷೆಯೋ ಸಂಕಟವೋ ನನಗೆ ಈಗಲೂ ತಿಳಿಯದು.

ಮದುವೆಯ ದಿನ ಬೆಳಿಗ್ಗೆ ಮಂಜು ಮುಸುಕಿ ಕೋಟೆಯ ಗುಡ್ಡ ಕಾಣುತ್ತಿರಲಿಲ್ಲ. ಸುಮಾರು ಅರವತ್ತು ಜನ ಬಂದಿದ್ದರು. ಊರಿನ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು ಮಂತ್ರ ಓದಿ ಅರ್ಥ ಹೇಳಿದರು. ಅರ್ಥ ತಿಳಿದು ಜನ ತಲೆದೂಗಿದ ಮದುವೆಯನ್ನು ನಾನು ನೋಡಿದ್ದು ಅದೇ ಮೊದಲು. ಪ್ರಮಾಣವನ್ನು ಒಂದೊಂದೇ ವಾಕ್ಯವಾಗಿ ಅವರು ಹೇಳಿದಂತೆ ನಾವು ಹೇಳಬೇಕಾಗಿತ್ತು. ನನ್ನ ದನಿ ನಡುಗಿತು, ಅವರದು ಮೇಷ್ಟ್ರ ದನಿ, ನಡುಗಲಿಲ್ಲ. ಮಾಲೆ ಹಾಕಿಕೊಳ್ಳುವ ಹೊತ್ತಿಗೆ ಹೂವಿನ ಹರಿವಾಣ ಯಾರ ಕೈಯಲ್ಲಿದೆಯೆಂದು ಎಲ್ಲರೂ ತಿರುಗಿ ನೋಡಿದರು. ಅದು ಸಣ್ಣತ್ತೆಯ ಕೈಯಲ್ಲಿತ್ತು. ಅಮ್ಮ ಅದನ್ನು ಮೊದಲೇ ಅವರ ಕೈಗೆ ಕೊಟ್ಟು, ಕಂಬದ ಪಕ್ಕದಲ್ಲಿ ನಿಲ್ಲಿಸಿದ್ದಳು. ವರನ ಕಡೆಯ ಒಬ್ಬಿಬ್ಬರು ಹೆಂಗಸರು ತುಟಿ ಬಿಗಿದರು. ಅಜ್ಜಮ್ಮ ಕಣ್ಣು ಮುಚ್ಚಿಕೊಂಡರು. ಮಳೆಯೇನೂ ಬೀಳಲಿಲ್ಲ, ಸಿಡಿಲೂ ಹೊಡೆಯಲಿಲ್ಲ. ಅನ್ನ, ಸಾರು, ಪಲ್ಯ, ಹಲಸಿನ ಹಪ್ಪಳ, ಪಾಯಸದ ಊಟವಾಗಿ ಮಧ್ಯಾಹ್ನ ಮೂರಕ್ಕೆಲ್ಲ ನೆಂಟರು ಹೊರಟರು. ಸಂಜೆ ಅಪ್ಪಯ್ಯ ಎಂದಿನಂತೆ ಅಡಿಕೆ ಹರಗಲು ಮುಂದಿನ ಚಪ್ಪರ ಹತ್ತಿದರು.

ಬಹಳ ವರ್ಷಗಳ ಮೇಲೆ ಯಹೂದ್ಯರ ಮದುವೆಯ ಕ್ರಮವನ್ನು ಓದುವಾಗ ನನಗೆ ಆ ನಾಲ್ಕು ಕಂಬಗಳು ಕಣ್ಣಿಗೆ ಕಟ್ಟಿದುವು. ಆ ಜನ ನಮಗೆ ತೀರ ಹೊರಗಿನವರಲ್ಲ. ಬೆಂಗಳೂರಿನಲ್ಲಿ ಅವರ ರುದ್ರಭೂಮಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಜಾಗ ಕೊಟ್ಟಿದ್ದರು. ಕೊಂಕಣದ ಕರಾವಳಿಯಲ್ಲಿ ಗಾಣದ ಕಸುಬು ಮಾಡಿಕೊಂಡಿದ್ದ ಬೆನೆ ಇಸ್ರೇಲರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಶನಿವಾರದ ತೇಲಿಗಳೆಂದೇ ಹೆಸರಾಗಿದ್ದರು. ಅವರ ಶುಭಕಾರ್ಯಗಳಲ್ಲಿ ಅವಲಕ್ಕಿಗೆ ಕಾಯಿತುರಿ ಕಲಸಿದ ಮಲಿದಾ ಎಂಬ ನೈವೇದ್ಯ ಉಂಟು. ಯಹೂದ್ಯರ ಮದುವೆಗೆ ದೇವಾಲಯವೇ ಆಗಬೇಕೆಂದಿಲ್ಲ. ನಾಲ್ಕು ಕೋಲು, ಮೇಲೊಂದು ವಸ್ತ್ರ. ಅದರ ಹೆಸರು ಹುಪ್ಪಾ. ಮನೆಯ ಅಂಗಳದಲ್ಲಿ, ಬಯಲಲ್ಲಿ, ಆಕಾಶದ ಕೆಳಗೆ ಎಲ್ಲಿಯಾದರೂ ಅದನ್ನು ನಿಲ್ಲಿಸಬಹುದು. ಮದುವೆಯ ಕೊನೆಗೆ ವರ ಒಂದು ಗಾಜಿನ ಲೋಟವನ್ನು ತುಳಿದು ಒಡೆಯುತ್ತಾನೆ. ಜೆರುಸಲೇಮಿನ ದೇವಾಲಯ ಕ್ರಿ. ಶ. 70ರಲ್ಲಿ ನಾಶವಾದದ್ದನ್ನು ಸಂತೋಷದ ನಡುವೆಯೂ ಮರೆಯಬಾರದೆಂದು ಅದಕ್ಕೆ ಅರ್ಥ ಹೇಳುತ್ತಾರೆ.

ಅವರಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸಿದ ವಸ್ತು ಮಾತ್ರ ಬೇರೆ. ಕೆತುಬಾ ಎಂಬ ಒಪ್ಪಂದದ ಪತ್ರವೊಂದಿದೆ. ಹೆಂಡತಿಗೆ ಅನ್ನ ಬಟ್ಟೆಗಳಿಗೆ ಗಂಡ ಏನು ಮಾಡತಕ್ಕದ್ದು, ಬಿಟ್ಟರೆ ಅಥವಾ ಸತ್ತರೆ ಅವಳಿಗೆ ಎಷ್ಟು ಸಲ್ಲತಕ್ಕದ್ದು ಎಂದು ಬರೆದು, ಇಬ್ಬರು ಸಾಕ್ಷಿಗಳು ರುಜು ಹಾಕಿ, ಚಪ್ಪರದಡಿಯಲ್ಲೇ ಓದುತ್ತಾರೆ. ಇದು ಎರಡು ಸಾವಿರ ವರ್ಷದಷ್ಟು ಹಳೆಯ ಪದ್ಧತಿ. ನಮ್ಮ ಮಂತ್ರಮಾಂಗಲ್ಯದಲ್ಲಿ ಮಾತು ದೊಡ್ಡದಿತ್ತು, ಆದರೆ ನಮ್ಮ ಕೈಗೆ ಕಾಗದವೊಂದೂ ಬರಲಿಲ್ಲ. ನಾವು ಮದುವೆಯನ್ನು ನೋಂದಾಯಿಸಿದ್ದು ಎಷ್ಟೋ ವರ್ಷಗಳ ಮೇಲೆ, ಅವರ ಪಿಂಚಣಿಯ ಕಾಗದದಲ್ಲಿ ನನ್ನ ಹೆಸರು ಸೇರಬೇಕಾಗಿ ಬಂದಾಗ. ಮದುವೆಯ ಪುರಾವೆಯೇನೆಂದು ಕಚೇರಿಯಲ್ಲಿ ಕೇಳಿದರು. ಕರೆಯೋಲೆ, ಒಂದು ಮಾಸಿದ ಫೋಟೋ, ಬದುಕಿದ್ದ ಇಬ್ಬರು ಸಾಕ್ಷಿಗಳು, ಇವಿಷ್ಟೇ ನಮ್ಮಲ್ಲಿದ್ದುದು. ಈಗ ಹೀಗೆ ಮದುವೆಯಾಗುವ ಹುಡುಗಿಯರು ಆ ವಾರದಲ್ಲೇ ನೋಂದಣಿ ಮಾಡಿಸಿಕೊಳ್ಳಲಿ. ಹಾರ ಬಾಡುವ ಮುಂಚೆ ಮಾಡಬೇಕಾದ ಕೆಲಸ ಅದು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿದೆ.

ಅಪ್ಪಯ್ಯನ ಲೆಕ್ಕದ ಪುಸ್ತಕದಲ್ಲಿ ನನ್ನ ಮದುವೆಗೆ ಒಂದು ಪುಟವೂ ತುಂಬಿಲ್ಲ. ಅಕ್ಕಿ ಮನೆಯದು, ಬೆಲ್ಲ, ಬೇಳೆ, ಹೂವು, ಎರಡು ಸೀರೆ, ಒಂದು ಪಂಚೆ. ಎಲ್ಲ ಸೇರಿ ಏಳು ನೂರ ನಲವತ್ತು ರೂಪಾಯಿ. ಅಕ್ಕನ ಮದುವೆಯ ಸಾಲ ಅದರ ಮರುವರ್ಷ ತೀರಿತು.

1983ರಲ್ಲಿ ತಮ್ಮನ ಮದುವೆಯಾಯಿತು. ಹೆಣ್ಣಿನ ಕಡೆಯವರು ಒಪ್ಪದ ಕಾರಣ ಧಾರೆ, ಪುರೋಹಿತರು, ವಾಲಗ, ಎಲ್ಲ ಹಳೆಯ ಕ್ರಮವೇ. ನಾನು ಚಪ್ಪರದಲ್ಲಿ ನಿಂತು ಸಣ್ಣತ್ತೆಯನ್ನು ಹುಡುಕಿದೆ. ಹಿತ್ತಿಲಿನಲ್ಲಿ ಇರಲಿಲ್ಲ, ಚಪ್ಪರಕ್ಕೂ ಬಂದಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಎಲ್ಲರಿಗೂ ಕಾಣುವ ಹಾಗೆ ಕುಳಿತಿದ್ದರು. ಮಡಿಲಲ್ಲಿ ಅಕ್ಷತೆಯ ಬಟ್ಟಲಿತ್ತು.