ದ್ವೀಪದಿಂದ ಬಂದ ತಾಳ

ರ‍್ಯಾಪ್ ಎಂದೊಡನೆ ನಮ್ಮ ಹಿರಿಯರು ಮುಖ ಸಿಂಡರಿಸುವುದುಂಟು; ಕಿರಿಯರು ಅದನ್ನು ಅಮೆರಿಕದ ಹೊಸ ಸರಕೆಂದು ಬರಮಾಡಿಕೊಳ್ಳುವುದುಂಟು. ಚಂದನ್ ಶೆಟ್ಟಿ ಮೊದಲಾದವರಿಂದ ಕನ್ನಡದಲ್ಲಿಯೂ ನೆಲೆಯೂರಿರುವ ಈ ಗಾಯನಪ್ರಕಾರವು ನ್ಯೂಯಾರ್ಕಿನಲ್ಲಿ ಬೆಳೆಯಿತೆಂಬುದು ನಿಜ. ಆದರೆ ಅದರ ಬೇರಿನ ಒಂದು ಕವಲು, ನಾವು ಕ್ರಿಕೆಟ್ಟಿನಿಂದಷ್ಟೇ ಬಲ್ಲ ಜಮೈಕಾ ದ್ವೀಪದಲ್ಲಿದೆ.

ಅಲ್ಲಿಯ ರಾಜಧಾನಿ ಕಿಂಗ್‌ಸ್ಟನ್ನಿನ ಬಡಕೇರಿಗಳಲ್ಲಿ ಸಂಗೀತವೆಂದರೆ ಬೀದಿಯ ಧ್ವನಿವರ್ಧಕ. ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸಿ, ಹಾಡಿಲ್ಲದೆ ಬರಿಯ ವಾದ್ಯವಿರುವ ತಟ್ಟೆಯನ್ನು ತಿರುಗಿಸಿ, ಅದರ ಮೇಲೆ ಒಬ್ಬನು ಲಯಬದ್ಧವಾಗಿ ಮಾತು ಹೆಣೆಯುತ್ತಿದ್ದನು. ಯು-ರಾಯ್ ಎಂಬಾತ 1970ರ ಸುಮಾರಿಗೆ ಈ ಬಗೆಯ ಮಾತುಗಾರಿಕೆಯಿಂದಲೇ ಪ್ರಸಿದ್ಧನಾದನು. ಇದನ್ನು ಕಂಡು ಬೆಳೆದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗ 1967ರಲ್ಲಿ, ತನ್ನ 12ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಗೆ ವಲಸೆ ಬಂದನು. 1973ರ ಆಗಸ್ಟ್ 11ರಂದು ಅವನ ಸೋದರಿ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಲೆಂದು, ಮನೆಯ ಕಟ್ಟಡದಲ್ಲಿ ಒಂದು ಕುಣಿತದ ಕೂಟವನ್ನು ಏರ್ಪಡಿಸಿದಳು. ತಟ್ಟೆ ತಿರುಗಿಸಿದವನು ಅಣ್ಣ. ಆ ವೇಳೆಗೆ ಅವನ ಹೆಸರು ಕೂಲ್ ಹರ್ಕ್. ಹಿಪ್-ಹಾಪ್ ಸಂಗೀತದ ಜನ್ಮದಿನವೆಂದು ಎಣಿಸುವುದು ಆ ದಿನವನ್ನೇ. ಒಂದು ಬಟ್ಟೆಯ ಖರ್ಚಿನಿಂದ ಒಂದು ಕಲಾಪ್ರಕಾರ ಹುಟ್ಟುವುದು ಚರಿತ್ರೆಯಲ್ಲಿ ಅಪರೂಪವೇ ಸರಿ!

ಬ್ರಾಂಕ್ಸಿನ ಜನಕ್ಕೆ ಜಮೈಕಾದ ಹಾಡುಗಳು ರುಚಿಸಲಿಲ್ಲ. ಹರ್ಕ್ ಹಾಡುಗಳನ್ನು ಬಿಟ್ಟನು, ಪದ್ಧತಿಯನ್ನು ಬಿಡಲಿಲ್ಲ. ಅಮೆರಿಕದ ಕರಿಯರ ತಟ್ಟೆಗಳನ್ನೇ ಎರಡೆರಡು ಪ್ರತಿ ಇಟ್ಟುಕೊಂಡು, ತಾಳವಾದ್ಯವೊಂದೇ ನುಡಿಯುವ ತುಣುಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹಿಗ್ಗಿಸಿದನು.

ಬಿಟ್ಟುಬಂದ ಆ ದ್ವೀಪಗಳ ಲಯವನ್ನೇ ರ‍್ಯಾಪಿಗೆ ಬೆಸೆದು ಜಗತ್ತಿನ ಕಿವಿಗೆ ಮುಟ್ಟಿಸಿದವರಲ್ಲಿ ಹೈಟಿಯಲ್ಲಿ ಹುಟ್ಟಿದ ವೈಕ್ಲೆಫ್ ಜಾನ್ ಮುಖ್ಯನು. ಹೈಟಿಯ ವಲಸಿಗರನ್ನು ಅಮೆರಿಕದಲ್ಲಿ 'ನಿರಾಶ್ರಿತರು' ಎಂದು ಹೀಯಾಳಿಸುತ್ತಿದ್ದರು. ಅವನೂ ಸಂಗಡಿಗರೂ ಆ ಬೈಗುಳವನ್ನೇ ಮೊಟಕುಗೊಳಿಸಿ ತಮ್ಮ ತಂಡಕ್ಕೆ 'ಫ್ಯೂಜೀಸ್' ಎಂಬ ಹೆಸರಿಟ್ಟರು. 1996ರ ಅವರ 'ದಿ ಸ್ಕೋರ್' ದೇಶದೇಶಗಳಲ್ಲಿ ಮಾರಾಟವಾಯಿತು. ನನಗೆ ಹೆಚ್ಚಿನದೆಂದು ತೋರುವುದು ಮರುವರ್ಷದ್ದು: ಲೋಕವೇ ಕಿವಿಗೊಟ್ಟಿದ್ದ ಆ ಹೊತ್ತಿನಲ್ಲಿ 'ದಿ ಕಾರ್ನಿವಲ್' ಎಂಬ ತನ್ನ ಧ್ವನಿಸಂಪುಟದಲ್ಲಿ ವೈಕ್ಲೆಫ್ ತಾಯ್ನುಡಿ ಕ್ರಿಯೋಲಿನಲ್ಲಿಯೂ ಹಾಡಿದನು.

ತಾಳಗಳನ್ನು ಬೆರೆಸಿ ಮಾತನ್ನು ದೂರಕ್ಕೆ ಒಯ್ಯುವ ಕಲೆ ಮಾನ್ವಿಯ ಸೀಮೆಗೆ ಪರಕೀಯವಲ್ಲ. ಚೀಕಲಪರ್ವಿಯ ವಿಜಯದಾಸರ, ಅವರ ಶಿಷ್ಯರಾದ ಮೊಸರಕಲ್ಲಿನ ಗೋಪಾಲದಾಸರ ಸುಳಾದಿಗಳನ್ನು ನೋಡಿರಿ. ಒಂದೇ ಕೃತಿ ಧ್ರುವ, ಮಟ್ಟ, ತ್ರಿವಿಡಿ, ಅಟ್ಟ, ಆದಿ ಎಂದು ತಾಳದಿಂದ ತಾಳಕ್ಕೆ ದಾಟಿ, ಕಡೆಗೆ ಜತೆಯಲ್ಲಿ ನಿಲ್ಲುತ್ತದೆ. ಸಂಸ್ಕೃತದಲ್ಲಿದ್ದ ಶಾಸ್ತ್ರವನ್ನು ಊರಿನ ಮಾತಿನಲ್ಲಿ ಹೇಳುತ್ತದೆ. ಭಕ್ತಿಯ ಸುಳಾದಿಗೂ ಬ್ರಾಂಕ್ಸಿನ ಕುಣಿತಕ್ಕೂ ವಂಶಸಂಬಂಧ ಕಲ್ಪಿಸುವುದು ನಗೆಪಾಟಲು. ಆದರೂ ಕನ್ನಡದ ರ‍್ಯಾಪುಗಾರನು ಸಿದ್ಧ ತಾಳಕ್ಕಾಗಿ ನ್ಯೂಯಾರ್ಕಿನತ್ತ ನೋಡುವಾಗ, ಹರ್ಕ್ ತನ್ನ ಕಿಂಗ್‌ಸ್ಟನ್ನನ್ನು ಹೊತ್ತು ಹೋದದ್ದು ನೆನಪಾಗುತ್ತದೆ. ಇತ್ತ ಸುಳಾದಿಯನ್ನು ಹಾಡುವುದಕ್ಕಿಂತ ಓದುವುದೇ ಬಹುಮಟ್ಟಿಗೆ ರೂಢಿಯಾಗಿದೆ. ತಾಳದ ಹೆಸರು ಪ್ರತಿ ನುಡಿಯ ತಲೆಯ ಮೇಲೆ ಅಚ್ಚಾಗಿ ಉಳಿದಿದೆ.