ಡೀಫಾಲ್ಟ್ ಅಂದ್ರೆ ಯಾರ ಆಯ್ಕೆ? ಯುನಿಕ್ಸ್‌ನಿಂದ ಕಾಸರಗೋಡಿನ ಶಾಲೆವರೆಗೆ

ತಿರುವನಂತಪುರದ ಉಳ್ಳೂರಿನಿಂದ ಮಾಡಿದ ವಿಡಿಯೋದ ಬರಹರೂಪ ಇದು. ನೋಡೋಕೆ ಟೈಮ್ ಸಿಗದವರು ಓದಿಕೊಳ್ಳಬಹುದು.

ಹೊಸ ಸರ್ವರ್‌ಗೆ ಲಾಗಿನ್ ಆಗಿ ಗಿಟ್ ಕಮಿಟ್ ಕೊಡ್ತೀರಿ. ವಿಐ ತೆರೆದುಕೊಳ್ಳುತ್ತೆ. ಹೊರಗೆ ಬರೋದು ಹೇಗೆ ಅಂತ ಹುಡುಕುತ್ತೀರಿ. ಆದರೆ ವಿಐಯನ್ನೇ ತೆರೆಯಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1969ರಲ್ಲಿ ಕೆನ್ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್ ಒಂದೊಂದೇ ಸಾಲು ತಿದ್ದುವಂಥದ್ದು. ಆಗ ಎದುರಿಗೆ ಪರದೆ ಇರಲಿಲ್ಲ, ಕಾಗದದ ಮೇಲೆ ಅಚ್ಚು ಹಾಕುವ ಟೆಲಿಟೈಪ್ ಇತ್ತು. 1976ರಲ್ಲಿ ಬರ್ಕ್ಲಿಯ ಬಿಲ್ ಜಾಯ್ ಪರದೆ ತುಂಬ ಕಾಣುವ ವಿಐ ಮಾಡಿದರು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯೆಬಲ್‌ಗಳು ಬಂದವು. ಅವುಗಳ ಬೆನ್ನಲ್ಲೇ ಎರಡು ಹೆಸರು ರೂಢಿಗೆ ಬಂತು: ಸಾಲಿನ ಎಡಿಟರ್‌ಗೆ ‘ಎಡಿಟರ್’, ಪರದೆಯ ಎಡಿಟರ್‌ಗೆ ‘ವಿಶುವಲ್’. ಟೆಲಿಟೈಪ್ ಹೋಗಿ ಎಷ್ಟೋ ಕಾಲವಾಯಿತು, ಆದರೆ ಗಿಟ್ ಇವತ್ತಿಗೂ ಟರ್ಮಿನಲ್ ‘ಡಂಬ್’ ಆಗಿದ್ದರೆ ವಿಶುವಲ್ ಕಡೆ ತಿರುಗಿಯೂ ನೋಡಲ್ಲ. ನೀವು ಎಲ್ಲೂ ಏನೂ ಹೇಳಿಲ್ಲ ಅಂದಾಗ ಮಾತ್ರ ವಿಐ. ಅಂದರೆ ವಿಐ ನಮ್ಮ ಮೇಲೆ ಹೇರಿದ್ದಲ್ಲ, ನಾವು ಸುಮ್ಮನಿದ್ದಿದ್ದಕ್ಕೆ ಬಂದದ್ದು.

ಆಮೇಲೆ ಇಮೇಲ್‌ನಲ್ಲಿ ಚಿತ್ರ, ಧ್ವನಿ ಬರತೊಡಗಿದವು. ಯಾವುದನ್ನು ಯಾವ ಪ್ರೋಗ್ರಾಂ ತೆರೆಯಬೇಕು? 1992ರಲ್ಲಿ ಬೆಲ್‌ಕೋರ್‌ನ ನಥಾನಿಯಲ್ ಬೊರೆನ್‌ಸ್ಟೈನ್ ‘ಮೇಲ್‌ಕ್ಯಾಪ್’ ಫೈಲ್ ಸೂಚಿಸಿದರು. ಮೊದಲು ನಿಮ್ಮ ಹೋಮ್ ಡೈರೆಕ್ಟರಿಯ ಮೇಲ್‌ಕ್ಯಾಪ್, ಆಮೇಲೆ ಸಿಸ್ಟಂನದ್ದು. ಡೆಬಿಯನ್‌ನ ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಪ್ರತಿ ಪ್ರೋಗ್ರಾಂಗೂ ಒಂದು ಆದ್ಯತೆಯ ಅಂಕಿ ಕೊಟ್ಟು, ಗೆದ್ದದ್ದಕ್ಕೆ ಸಿಮ್‌ಲಿಂಕ್ ಹಾಕುತ್ತೆ. ಆದರೆ ಅಡ್ಮಿನ್ ಒಮ್ಮೆ ಕೈಯಾರೆ ಆರಿಸಿದರೆ ಅಂಕಿಗಳ ಆಟ ಮುಗೀತು, ಅಪ್‌ಗ್ರೇಡ್ ಆದರೂ ಆ ಆಯ್ಕೆ ಉಳಿಯುತ್ತೆ. ಡೆಸ್ಕ್‌ಟಾಪ್‌ಗಳ ‘ಮೈಮ್‌ಆ್ಯಪ್ಸ್’ ಪಟ್ಟಿಯದ್ದೂ ಇದೇ ಕ್ರಮ: ಬಳಕೆದಾರ ಮೊದಲು, ಸಿಸ್ಟಂ ಆಮೇಲೆ.

ಇಷ್ಟರಲ್ಲಿ ಒಂದು ಮರ್ಯಾದೆ ಕಾಣುತ್ತೆ. ಡೀಫಾಲ್ಟ್ ಯಾರು ಬೇಕಾದರೂ ಇಡಬಹುದು. ಆದರೆ ನೀವು ಬಾಯಿಬಿಟ್ಟು ಹೇಳಿದ ಮೇಲೆ ನಿಮ್ಮ ಮಾತೇ ನಡೆಯಬೇಕು.

ಈಗ ನಾವಿರುವ ಊರಿಗೆ ಬರೋಣ. 2001ರಲ್ಲಿ ಕೇರಳ ಸರ್ಕಾರ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರು ಮಾಡಿತು. ಅದೇ ವರ್ಷ ಜುಲೈನಲ್ಲಿ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟಿಸಿದರು. ಆ ದಶಕದಲ್ಲೇ ಶಾಲೆಗಳ ಕಂಪ್ಯೂಟರ್‌ಗಳು ವಿಂಡೋಸ್ ಬಿಟ್ಟು ಗ್ನೂ ಲಿನಕ್ಸ್‌ಗೆ ಬಂದವು. 2017ರಲ್ಲಿ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಅದರ ಕಚೇರಿ ಇರೋದು ಇಲ್ಲೇ ಪೂಜಪ್ಪುರದಲ್ಲಿ.

ಪೂಜಪ್ಪುರದ ಈ ಆಯ್ಕೆ ಕೇರಳದ ಇನ್ನೊಂದು ತುದಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗೂ ಮುಟ್ಟಿತು. ಅಲ್ಲಿನ ಮಕ್ಕಳ ಐಸಿಟಿ ಪಾಠಪುಸ್ತಕ ಕನ್ನಡದಲ್ಲೇ ಇದೆ. ಬೆಂಗಳೂರಿನಲ್ಲಿ ಎಂಟೆಕ್‌ಗೆ ಸೇರಿದ ಮೇಲೆ ಲಿನಕ್ಸ್ ಕಂಡವರು ನಮ್ಮಲ್ಲಿ ಎಷ್ಟೋ ಜನ. ಆ ಮಕ್ಕಳಿಗೆ ಅದು ಶಾಲೆಯ ಮಾಮೂಲು ಕಂಪ್ಯೂಟರ್.

ಹಾಗಂತ ಡೀಫಾಲ್ಟ್ ಒಳ್ಳೆಯದಾದರೆ ಕೆಲಸ ಮುಗಿಯಲಿಲ್ಲ. ಮಲಯಾಳಂ ಬಹುಸಂಖ್ಯಾತರ ರಾಜ್ಯದಲ್ಲಿ ಕನ್ನಡ ತಾನಾಗಿ ಡೀಫಾಲ್ಟ್ ಆಗಲ್ಲ, ಕೇಳಿ ಹಾಕಿಕೊಳ್ಳಬೇಕು. ಅದಕ್ಕೆ ದಾರಿ ಇದೆ. ಕೀಲಿಮಣೆಗೆ ಎಕ್ಸ್‌ಕೆಬಿಯಲ್ಲಿ ಕಗಪ ವಿನ್ಯಾಸ ಇದೆ. ಮೆನುಗಳಿಗೆ ಮೊದಲು ಕನ್ನಡ ಲೊಕೇಲ್ ಜನರೇಟ್ ಮಾಡಿ ‘ಲ್ಯಾಂಗ್’ನಲ್ಲಿ ಅದನ್ನು ಹಾಕಿ. ಆಮೇಲೆ ಗ್ನೂ ಗೆಟ್‌ಟೆಕ್ಸ್ಟ್ ಓದುವ ‘ಲ್ಯಾಂಗ್ವೇಜ್’ ವೇರಿಯೆಬಲ್‌ನಲ್ಲಿ ಭಾಷೆಗಳನ್ನು ಸಾಲಾಗಿ ಬರೆಯಬಹುದು: ಕನ್ನಡ, ಅದಿಲ್ಲದಿದ್ದರೆ ಮಲಯಾಳಂ, ಅದೂ ಇಲ್ಲದಿದ್ದರೆ ಇಂಗ್ಲಿಷ್. ಇಲ್ಲಿ ಬದುಕುವ ನಮ್ಮಂಥವರಿಗೆ ಹೇಳಿ ಮಾಡಿಸಿದ ಸಾಲು ಅದು.

ಇವತ್ತೇ ನಿಮ್ಮ ಪ್ರೊಫೈಲ್ ಫೈಲ್ ತೆರೆದು ನೋಡಿ. ಎಡಿಟರ್ ಯಾವುದು, ಭಾಷೆ ಯಾವುದು ಅಂತ ಅಲ್ಲಿ ಬರೆದಿಲ್ಲ ಅಂದ್ರೆ ನಿಮ್ಮ ಪರವಾಗಿ ಬೇರೆ ಯಾರೋ ಆರಿಸಿದ್ದಾರೆ. ನೀವು ಏನು ಹಾಕಿಕೊಂಡಿದ್ದೀರಿ ಅಂತ ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.